ಮಗನ ಜೇಬು, ಅಪ್ಪನ ಕೈ

ದಿನಕ್ಕೆ ಆರುನೂರು ಜನರ ಜೇಬು ಮುಟ್ಟಿ ನೋಡುವ ಕೆಲಸ ನನ್ನದು. ಮೊಬೈಲ್ ಬಿಡಿಭಾಗ ಜೋಡಿಸುವ ಕಾರ್ಖಾನೆಯ ಗೇಟಿನಲ್ಲಿ ಹತ್ತೊಂಬತ್ತು ವರ್ಷದಿಂದ ತಪಾಸಣೆ ಮಾಡುತ್ತಿದ್ದೇನೆ. ಕಾಲುಚೀಲದೊಳಗೆ ಅಕ್ಕಿಕಾಳಿನಷ್ಟು ಸ್ಕ್ರೂ ಇಟ್ಟುಕೊಂಡು ಹೊರಟವನನ್ನು ನಡಿಗೆ ನೋಡಿಯೇ ಹಿಡಿದ ಮಹಾನುಭಾವ ನಾನು. (ಅದಕ್ಕೆ ಪ್ರಶಸ್ತಿಪತ್ರವನ್ನೂ ಕೊಟ್ಟರು. ಮನೆಯಲ್ಲೇ ಬಟ್ಟೆ ಹೊಲಿಯುವ ನನ್ನ ಹೆಂಡತಿ ಅದರ ಬೆನ್ನಿಗೆ ಯಾವುದೋ ಗಿರಾಕಿಯ ಸೊಂಟದ ಅಳತೆ ಬರೆದುಕೊಂಡಿದ್ದಾಳೆ.)

ಇಂಥವನ ಮನೆಯಲ್ಲಿ, ಇಂಥವನ ಮೂಗಿನ ಕೆಳಗೇ, ನಾಲ್ಕು ತಿಂಗಳು ಸ್ಟ್ರಾಬೆರಿ ವಾಸನೆ ಬರುತ್ತಿತ್ತು. ನಾನೇನು ಮಾಡಿದೆ? "ಏನೇ, ಈ ಸಲದ ಫಿನಾಯಿಲ್ ಪರಿಮಳ ಚೆನ್ನಾಗಿದೆ, ಇದನ್ನೇ ತಾ" ಅಂದೆ. ಅವಳು ಮೆಷಿನ್ನಿನಿಂದ ತಲೆಯೆತ್ತದೆ, "ನಾನು ನಿಮ್ಮ ಶೇವಿಂಗ್ ಕ್ರೀಮ್ ಅಂದ್ಕೊಂಡಿದ್ದೆ" ಅಂದಳು.

ಅಷ್ಟಕ್ಕೇ ಮುಗಿಯಲಿಲ್ಲ. ಪಾಲಿಟೆಕ್ನಿಕ್ಕಿನಲ್ಲಿ ಎರಡನೇ ವರ್ಷ ಓದುವ ನಮ್ಮ ಒಬ್ಬನೇ ಮಗನ ಮೇಜಿನ ಮೇಲೆ ನೀಲಿ ಬಣ್ಣದ ಪೆನ್‌ಡ್ರೈವ್ ಒಂದು ಬಿದ್ದಿರುತ್ತಿತ್ತು. ಅದರ ತುದಿಯಲ್ಲಿ ಕೆಂಪು ದೀಪ ಮಿಣುಕಿದಾಗಲೆಲ್ಲ, ಪಾಪ, ಹುಡುಗನ ಓದು ನಿಲ್ಲಬಾರದು ಅಂತ ನಾನೇ ಚಾರ್ಜಿಗೆ ಹಾಕುತ್ತಿದ್ದೆ. (ಪೆನ್‌ಡ್ರೈವಿಗೆ ಚಾರ್ಜ್ ಯಾಕೆ ಅಂತ ನೀವು ಕೇಳಬೇಡಿ. ಹೆಂಡತಿ ಸಾಕಷ್ಟು ಸಲ ಕೇಳಿ ಆಗಿದೆ.)

ಒಂದು ದಿನ ಹೊಸ ಎಂಜಿನಿಯರ್ ಒಬ್ಬನ ಜೇಬಿನಲ್ಲಿ ಅದೇ ನೀಲಿ ವಸ್ತು ಸಿಕ್ಕಿತು. "ಪೆನ್‌ಡ್ರೈವ್ ಒಳಗೆ ಬಿಡಲ್ಲ" ಅಂದೆ. ನನ್ನ ಜೊತೆ ಗೇಟಿನಲ್ಲಿ ನಿಲ್ಲುವ ಮೀಸೆಯವನು ಬಿದ್ದು ಬಿದ್ದು ನಕ್ಕ. "ಇದು ವೇಪು ಕಣಯ್ಯ! ಎಳೆದರೆ ಹೊಗೆ. ಸಿಗರೇಟಿನಲ್ಲಿರೋ ನಿಕೋಟಿನ್ನೇ ಇದರಲ್ಲೂ ಇರೋದು. ವಾಸನೆ ಮಾತ್ರ ಹಣ್ಣಿಂದು."

ನಾನು ನಗಲಿಲ್ಲ. ನಿಂತಲ್ಲೇ ನನ್ನ ಮೂಗಿಗೆ ಸ್ಟ್ರಾಬೆರಿ ಹೊಡೆಯಿತು.

ಸಂಜೆ ಮಗನನ್ನು ಎದುರಿಗೆ ನಿಲ್ಲಿಸಿದೆ.

"ಸಿಗರೇಟಲ್ಲಪ್ಪಾ, ಬರೀ ಆವಿ."

"ಆವಿನೇ ಬೇಕಿದ್ರೆ ಹೋಗಿ ಕುಕ್ಕರ್ ಮುಂದೆ ನಿಂತ್ಕೋ!"

ಅವನು ನಗಬಹುದು ಅಂದುಕೊಂಡಿದ್ದೆ. ಅತ್ತುಬಿಟ್ಟ. ಮೀಸೆ ಬಂದ ಮಗ ಅಳುವುದನ್ನು ನಾನು ನೋಡಿರಲಿಲ್ಲ. "ಮೂರು ಸಲ ಬಿಟ್ಟೆ ಅಪ್ಪಾ. ಆಗಲಿಲ್ಲ. ಎದ್ದ ತಕ್ಷಣ ಕೈ ದಿಂಬಿನ ಕೆಳಗೆ ಹೋಗುತ್ತೆ. ಪರೀಕ್ಷೆ ಅರ್ಧಕ್ಕೇ ಬಿಟ್ಟು ಟಾಯ್ಲೆಟ್ಟಿಗೆ ಓಡಿದ್ದೀನಿ. ಮೆಟ್ಟಿಲು ಹತ್ತಿದ್ರೆ ಎದೆ ಹಿಡಿಯುತ್ತೆ. ಎಳೀಬೇಕು ಅಂತ ಎಳೆಯಲ್ಲ, ಎಳೀದಿದ್ರೆ ಕೈ ನಡುಗುತ್ತೆ."

ಆಗ ಅವನ ಹೆಗಲ ಮೇಲೆ ಕೈ ಹಾಕಿ ಸುಮ್ಮನೆ ಕೂತಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆದರೆ ನನ್ನ ಕೈಗೆ ಅದು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಜೇಬು ತಡಕುವುದೊಂದೇ. ಇಷ್ಟು ದಿನ ಹೊಗೆ ಬಿಟ್ಟ, ಸುಳ್ಳು ಬಿಟ್ಟ, ಚಟ ಒಂದನ್ನು ಬಿಡಲಿಲ್ಲ; ಬಿಡಿಸುವ ವಿದ್ಯೆ ನನ್ನ ಹತ್ತಿರ ಇದೆ ಎಂದುಕೊಂಡೆ. ಮಾರನೆಯ ಬೆಳಿಗ್ಗೆಯೇ ಮನೆ ಬಾಗಿಲಿಗೆ ಸ್ಟೂಲು ಹಾಕಿಕೊಂಡು ಕೂತೆ.

"ಕೈ ಮೇಲಕ್ಕೆ. ಕಾಲುಚೀಲ ಬಿಚ್ಚು. ಬಾಯಿ ಬಿಡು."

"ರೀ, ಅವನು ನಿಮ್ಮ ಮಗ, ಕಾರ್ಖಾನೆ ಮಾಲಲ್ಲ" ಅಂದಳು ಹೆಂಡತಿ.

"ಮಗ ಅಂತಲೇ ಚೆಕ್ ಮಾಡ್ತಿರೋದು. ಬೇರೆಯವರಾಗಿದ್ರೆ ಪೊಲೀಸರಿಗೆ ಕೊಡ್ತಿದ್ದೆ."

ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ಮಲಗುವ ಮುಂಚೆ ಒಮ್ಮೆ. ನಡುವೆ ಫೋನು. ನೂಲಿನ ಡಬ್ಬಿ ಕೆದಕಿದೆ, ಫ್ಯಾನಿನ ರೆಕ್ಕೆಯ ಮೇಲೆ ಕೈಯಾಡಿಸಿದೆ (ಧೂಳು ಸಿಕ್ಕಿತು, ಆ ವಿಷಯಕ್ಕೆ ಹೆಂಡತಿಯ ಜೊತೆ ಬೇರೆ ಜಗಳವಾಯಿತು). ಹನ್ನೊಂದು ದಿನ ಏನೂ ಸಿಗಲಿಲ್ಲ. ಗೆದ್ದೆ ಅಂದುಕೊಂಡೆ.

ಹನ್ನೆರಡನೇ ದಿನ ಸಿಕ್ಕಿತು. ನನಗಲ್ಲ, ಮೀಸೆಯವನಿಗೆ. ಗೇಟಿನ ಸಿಬ್ಬಂದಿಯನ್ನೂ ತಪಾಸಣೆ ಮಾಡಿಯೇ ಒಳಗೆ ಬಿಡುವುದು ನಮ್ಮಲ್ಲಿ ನಿಯಮ. ನನ್ನ ಊಟದ ಚೀಲದ ತಳದಲ್ಲಿ, ಕರವಸ್ತ್ರದ ಮಡಿಕೆಯೊಳಗೆ ನೀಲಿ ವೇಪು ತಣ್ಣಗೆ ಮಲಗಿತ್ತು. ಇಡೀ ಮನೆಯಲ್ಲಿ ನಾನು ಹುಡುಕದೆ ಬಿಟ್ಟ ಜಾಗ ನನ್ನ ಚೀಲ ಒಂದೇ. ತಪಾಸಣೆಯ ಹೊತ್ತಿಗೆ ಅದರಲ್ಲಿ ಬಚ್ಚಿಟ್ಟು ಆಮೇಲೆ ತೆಗೆದುಕೊಳ್ಳುತ್ತಿದ್ದ ಮಗನಿಗೆ ಅಂದು ಬೆಳಿಗ್ಗೆ ಪುರುಸೊತ್ತು ಸಿಕ್ಕಿರಲಿಲ್ಲ. ಆರುನೂರು ಜನರ ಸಾಲು ನೋಡುತ್ತಾ ನಿಂತಿತ್ತು. ಹಿಂದಿನಿಂದ ಯಾರೋ "ಸಾರ್, ಯಾವ ಹಣ್ಣು?" ಅಂದರು.

ಮೂರು ದಿನ ಸಸ್ಪೆಂಡ್ ಆಯಿತು.

ಮನೆಯಲ್ಲಿ ನಾನು ಹಾಕಿದ ಕೂಗಿಗೆ ಹೊಲಿಗೆ ಮೆಷಿನ್ ನಿಂತಿತು. ಹೆಂಡತಿ ಕತ್ತರಿ ಕೆಳಗಿಟ್ಟು, "ಇಬ್ಬರೂ ಹೊರಡಿ, ಆಸ್ಪತ್ರೆಗೆ ಹೋಗೋಣ" ಅಂದಳು.

ಚಟ ಬಿಡಿಸುವ ವಿಭಾಗದಲ್ಲಿ ಇದ್ದ ಸಲಹೆಗಾರ್ತಿಗೆ ಹೆಚ್ಚೆಂದರೆ ಮೂವತ್ತು ವರ್ಷ. ನನ್ನ ಭಾಷಣಕ್ಕೆ ಕಿವಿಗೊಡದೆ ಮಗನ ಕೈಗೆ ಒಂದು ಹಾಳೆ ಕೊಟ್ಟರು. "ಒಂದು ವಾರ, ಆಸೆ ಬಂದಾಗೆಲ್ಲ ಬರೀಪ್ಪಾ. ಯಾವಾಗ, ಯಾಕೆ ಅಂತ."

ವಾರದ ನಂತರ ಆಕೆ ಅದನ್ನು ಗಟ್ಟಿಯಾಗಿ ಓದಿದರು. "ಬೆಳಿಗ್ಗೆ ಆರೂವರೆ: ಅಪ್ಪ ದಿಂಬಿನ ಕೆಳಗೆ ಕೈ ಹಾಕಿದಾಗ. ಎಂಟು: ಅಪ್ಪ ಕಾಲುಚೀಲ ಬಿಚ್ಚಿಸಿದಾಗ. ಹನ್ನೊಂದು: ಪರೀಕ್ಷೆಯ ಭಯ." (ಸದ್ಯ, ಇಲ್ಲಿ ನಾನಿಲ್ಲ ಅಂತ ಉಸಿರುಬಿಟ್ಟೆ.) "ಮಧ್ಯಾಹ್ನ ಒಂದು: ಅಪ್ಪ ಫೋನ್ ಮಾಡಿದರು. ಪರೀಕ್ಷೆ ಹೇಗಾಯಿತು ಅಂತ ಕೇಳಲಿಲ್ಲ. 'ಉಸಿರು ಬಿಡು, ಕೇಳಿಸ್ಕೋತೀನಿ' ಅಂದರು."

ಹೆಂಡತಿ ನನ್ನ ಕಡೆ ನೋಡಲೂ ಇಲ್ಲ.

ಮಗನಿಗೆ ಅಗಿಯಲು ನಿಕೋಟಿನ್ ಗಮ್ ಬರೆದುಕೊಟ್ಟು, ಅದನ್ನು ಹೇಗೆ ಕಡಿಮೆ ಮಾಡುತ್ತಾ ಬರಬೇಕು ಅಂತ ವಿವರಿಸಿದ ಮೇಲೆ ಆಕೆ ನನ್ನ ಕಡೆ ತಿರುಗಿದರು. "ಸಾರ್, ಅವನು ಅದನ್ನ ಬಿಡಬೇಕಾದ್ರೆ ನೀವು ಅವನನ್ನ ಸ್ವಲ್ಪ ಬಿಡಬೇಕು. ಮೂರು ವಾರ ಬೇರೆಲ್ಲಾದರೂ ಇರೋಕೆ ಆಗುತ್ತಾ?"

"ಆಗುತ್ತೆ" ಅಂದಳು ಹೆಂಡತಿ. ಪ್ರಶ್ನೆ ಕೇಳಿದ್ದು ನನಗೆ.

ಮಗ ಚಟ ಬಿಡಲೆಂದು ಅಪ್ಪ ಮನೆ ಬಿಟ್ಟ. ಅಕ್ಕನ ಮನೆಯ ಸೋಫಾ ನನಗಿಂತ ಒಂದು ಗೇಣು ಗಿಡ್ಡ. ಭಾವ ದಿನಾ ಸಂಜೆ "ಇನ್ನೂ ಎಷ್ಟು ದಿನವಂತೆ?" ಅಂತ ಕೇಳುತ್ತಿದ್ದರು. ಹೆಂಡತಿ ಫೋನಿನಲ್ಲಿ ಸುದ್ದಿ ಕೊಡುತ್ತಿದ್ದಳು. ಮೊದಲ ವಾರ ಮಗ ಯಾರ ಜೊತೆಯೂ ಮಾತಾಡಲಿಲ್ಲ, ಒಂದು ತಟ್ಟೆ ಒಡೆದ. ಎರಡನೇ ವಾರ ನಿದ್ದೆ ಬಂತು. ಮೂರನೇ ವಾರ ಯಾವುದೋ ಮಾತಿಗೆ ನಕ್ಕನಂತೆ. ನಾನಿದ್ದಾಗ ನಾಲ್ಕು ತಿಂಗಳಲ್ಲಿ ಕೇಳದ ನಗು, ನಾನಿಲ್ಲದ ಮನೆಯಲ್ಲಿ ಇಪ್ಪತ್ತು ದಿನಕ್ಕೇ ಕೇಳಿಸಿತು. ಖುಷಿ ಪಡಬೇಕಿತ್ತು, ಪಟ್ಟೆ.

"ಹಾಗಾದ್ರೆ ಬರಲಾ?" ಅಂದೆ.

ಆಚೆ ಗುಸುಗುಸು. ಆಮೇಲೆ ಹೆಂಡತಿ, "ಒಂದೇ ಸಲ ಪೂರ್ತಿ ಬೇಡವಂತೆ ರೀ. ಭಾನುವಾರ ಅರ್ಧ ಗಂಟೆ ಬಂದು ನೋಡಿ" ಅಂದಳು.

ನನ್ನ ಮನೆಗೆ ನಾನೇ ಬೆಲ್ ಒತ್ತಿ ಒಳಗೆ ಹೋದೆ. ಮಗ ಎರಡು ಮಹಡಿ ಮೇಲಕ್ಕೆ ನೀರಿನ ಕ್ಯಾನ್ ಹೊತ್ತು ತಂದಿಟ್ಟ, ಏದುಸಿರು ಇರಲಿಲ್ಲ. ಬಂದು ಪಕ್ಕದಲ್ಲೇ ಕೂತ. ಎಲ್ಲ ಚೆನ್ನಾಗಿಯೇ ಇತ್ತು. ಆದರೆ ಅವನ ಪ್ಯಾಂಟಿನ ಬಲಜೇಬು ಉಬ್ಬಿತ್ತು.

"ಅಪ್ಪಾ, ಕೈ ತುರಿಸ್ತಾ ಇದೆಯಾ?"

"ಇಲ್ಲಪ್ಪ."

"ಸುಳ್ಳು ಬಿಡಬೇಡಿ. ನಂಗೂ ಹೀಗೇ ಆಗುತ್ತೆ. ಹತ್ತು ನಿಮಿಷ ತಡ್ಕೊಳ್ಳಿ, ಬಂದ ಹಾಗೇ ಹೋಗಿಬಿಡುತ್ತೆ. ನೀರು ಕುಡೀರಿ."

ಕುಡಿದೆ. ಗಡಿಯಾರ ನೋಡಿದೆ. ಎರಡು ನಿಮಿಷ. ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ನಾಲ್ಕು ನಿಮಿಷ. ಲೋಟ ಇಡಲು ಅವನು ಎದ್ದು ಬೆನ್ನು ತಿರುಗಿಸಿದ. ಹತ್ತೊಂಬತ್ತು ವರ್ಷ ದುಡಿದ ಕೈ ನನ್ನನ್ನು ಕೇಳದೆಯೇ ಎದ್ದು ಹೋಯಿತು.

ಸಿಕ್ಕಿದ್ದು ಅರ್ಧ ಖಾಲಿಯಾದ ಗಮ್ಮಿನ ಪಟ್ಟಿ, ಒಂದು ಬಸ್ ಪಾಸು.

ಮಗ ಕೂಗಾಡಲಿಲ್ಲ. ಕೂಗಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಹೊರಬಂದಿದ್ದ ಜೇಬನ್ನು ಮೆಲ್ಲಗೆ ಒಳಗೆ ತಳ್ಳಿಕೊಂಡು, ನನ್ನ ಹೆಗಲ ಮೇಲೆ ಕೈಯಿಟ್ಟ.

"ಪರವಾಗಿಲ್ಲ ಅಪ್ಪಾ. ಎಲ್ಲರೂ ಒಂದೆರಡು ಸಲ ಜಾರುತ್ತಾರೆ. ನಾಳೆಯಿಂದ ನಿಮಗೆ ಮತ್ತೆ ಮೊದಲನೇ ದಿನ."

ಅಡುಗೆಮನೆಯಲ್ಲಿ ಹೆಂಡತಿ ಆಗಲೇ ಅಕ್ಕನಿಗೆ ಫೋನ್ ಹಚ್ಚಿದ್ದಳು.