ಹಂಗೇರಿಯವಳ ಕೊನೆಯ ತಿರುವು

ನಮ್ಮ ಶಾಲೆಯ ಹಂಗೇರಿಯವಳನ್ನು ಕಂಡರೆ ನನ್ನ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತಿತ್ತು. ಅವಳು ನನಗೇನು ಕೆಡುಕು ಮಾಡಿದ್ದಳು ಅನ್ನುತ್ತೀರಾ? ಏನೂ ಇಲ್ಲ! ಕೆಡುಕು ಮಾಡಿದ್ದರೆ ಬಯ್ದು ಹಗುರವಾಗುತ್ತಿದ್ದೆನಲ್ಲ!

ಊರು ದೇಶ ಬಿಟ್ಟು ಬಂದು, ಕರೆನ್ ಬಡಾವಣೆಯ ಈ ಶಾಲೆಯಲ್ಲಿ ನಾನು ಹನ್ನೆರಡು ವರ್ಷದಿಂದ ಗಣಿತ ಕಲಿಸುತ್ತಿದ್ದೇನೆ. ಒಂದು ಮಗುವಾದರೂ ನನ್ನ ಆಟೋಗ್ರಾಫ್ ಕೇಳಿದ್ದುಂಟೇ? ಎರಡು ವರ್ಷದ ಹಿಂದೆ ಆಟದ ಮೇಡಂ ಆಗಿ ಈಕೆ ಬಂದ ವಾರದಲ್ಲೇ ನನ್ನ ಮಗಳ ಗಣಿತದ ನೋಟ್‌ಬುಕ್ಕಿನ ಮೇಲೆ ಅವಳ ಸಹಿ! ತನ್ನ ದೇಶದ ಪರವಾಗಿ ಹೆಪ್ಟಾಥ್ಲಾನ್‌ನಲ್ಲಿ ಸ್ಪರ್ಧಿಸಿದವಳು. ಎರಡು ದಿನದಲ್ಲಿ ಏಳು ಸ್ಪರ್ಧೆ: ಹಾರುವುದು, ಎಸೆಯುವುದು, ಓಡುವುದು, ಕೊನೆಯದು ಎಂಟುನೂರು ಮೀಟರ್ ಓಟ.

"ಎಷ್ಟು ಪದಕ ಬಂದಿವೆ?" ಎಂದು ಸ್ವಲ್ಪ ಕೆಟ್ಟ ಆಸೆಯಿಂದಲೇ ಕೇಳಿದೆ.

"ದೊಡ್ಡ ಕೂಟದಲ್ಲಿ ಒಂದೂ ಇಲ್ಲ. ಒಂದ್ಸಲ ನಾಲ್ಕನೇ ಸ್ಥಾನ!" ಎಂದು ಚಿನ್ನ ಗೆದ್ದವಳಂತೆ ನಕ್ಕಳು.

ನಾಲ್ಕನೆಯವಳಿಗೇ ಇಷ್ಟು ಅಭಿಮಾನಿಗಳು! ದಿನಾ ಪಕ್ಕದ ಬಡಾವಣೆ ಲಂಗಾಟಾದಿಂದ ಶಾಲೆಗೆ ಓಡಿಯೇ ಬರುತ್ತಾಳೆ; ದಾರಿಯುದ್ದಕ್ಕೂ ಜನ ತುಂಬಿದ ಮಟಾಟು ವ್ಯಾನುಗಳು ಖುಷಿಯಿಂದ ಹಾರ್ನ್ ಹೊಡೆಯುತ್ತವೆ. ಕಾವಲುಗಾರ ಬೀಗ ತೆಗೆಯುವಷ್ಟರಲ್ಲಿ ಗೇಟು ಹಾರಿ ಒಳಗಿರುತ್ತಾಳೆ. ಅವನು ಚಪ್ಪಾಳೆ ತಟ್ಟುತ್ತಾನೆ. ನನಗೆ ಗೇಟು ತೆಗೆಯುವಾಗ ಅದೇ ಮನುಷ್ಯ ಆಕಳಿಸುತ್ತಾನೆ!

ಪಾರ್ಕ್‌ಲ್ಯಾಂಡ್ಸ್‌ನ ನಮ್ಮ ಕನ್ನಡದವರ ಗಣೇಶನ ಹಬ್ಬಕ್ಕೂ ಬಂದಳು. ನಾಲ್ಕು ಜನ ಗಂಡಸರು ಸುತ್ತ ನಿಂತು ಚರ್ಚಿಸುತ್ತಿದ್ದ ಅನ್ನದ ಹಂಡೆಯನ್ನು ಒಬ್ಬಳೇ ಎತ್ತಿ ಪಂಕ್ತಿಯ ಹತ್ತಿರ ಇಟ್ಟಳು.

"ನೋಡೇ, ಎಂಥಾ ತೋಳು!" ಎಂದರು ನಮ್ಮ ಯಜಮಾನರು.

"ನೀವು ಮನೇಲಿ ಕುಕ್ಕರ್ ಎತ್ತಿದ್ದು ಯಾವಾಗ ರೀ?" ಎಂದೆ. ಅವರಿಗೆ ತಕ್ಷಣ ಯಾರಿಗೋ ಫೋನ್ ಮಾಡುವ ಕೆಲಸ ನೆನಪಾಯಿತು.

ಇದನ್ನೆಲ್ಲ ಸಹಿಸಿಕೊಂಡೆ. ಆದರೆ ಕ್ರೀಡಾ ದಿನದ ಬೆಳಿಗ್ಗೆ ಮಗಳು ಶೂ ಕಟ್ಟುತ್ತ, "ಅಮ್ಮಾ, ಯು ಡೋಂಟ್ ಹ್ಯಾವ್ ಟು ವಾಚ್. ಕೋಚ್ ವಿಲ್ ಬಿ ದೇರ್" ಅಂದಳಲ್ಲ, ಅದು ನೇರವಾಗಿ ಎದೆಗೇ ನಾಟಿತು. ಹೋದೆ. ಹಿಂದಿನ ಸಾಲಿನಲ್ಲಿ ಕೂತೆ.

ಎಂಟುನೂರು ಮೀಟರ್ ಓಟದ ಎರಡನೇ ಸುತ್ತಿನಲ್ಲಿ ಮಗಳು ಎಲ್ಲರಿಗಿಂತ ಹಿಂದೆ ಬಿದ್ದಳು. ಹಂಗೇರಿಯವಳು ಎಲ್ಲಿದ್ದಳೋ, ಬಂದು ನನ್ನ ಕೈ ಹಿಡಿದು ಕೊನೆಯ ತಿರುವಿನವರೆಗೆ ಎಳೆದುಕೊಂಡೇ ಹೋದಳು.

"ಇಲ್ಲಿ ನಿಂತು ಕೂಗಿ."

"ನೀವೇ ಕೂಗಿ. ಅವಳು ಕೇಳೋದು ನಿಮ್ಮ ಮಾತೇ ತಾನೆ!" ಎರಡು ವರ್ಷದ ವಿಷ ಒಂದೇ ಸಲ ಹೊರಬಿತ್ತು.

ಅವಳು ಇಲ್ಲವೆಂದು ತಲೆಯಾಡಿಸಿದಳು. "ಇಲ್ಲಿಗೆ ಬರೋಹೊತ್ತಿಗೆ ಕಾಲು ಸತ್ತುಹೋಗಿರುತ್ತೆ. ಕೋಚ್ ದನಿ ಕಿವಿಗೇ ಬೀಳಲ್ಲ. ನನ್ನಮ್ಮ ಪ್ರತಿ ಸಲ ಈ ತಿರುವಲ್ಲೇ ನಿಲ್ತಿದ್ಲು. ಅವಳು ಹೋದ್ಮೇಲೂ ಒಂದು ವರ್ಷ ಓಡಿದೆ. ಇಲ್ಲಿಗೆ ಬಂದಾಗೆಲ್ಲ ಅವಳನ್ನೇ ಹುಡುಕ್ತಿದ್ದೆ. ಆಗ್ಲಿಲ್ಲ, ಬಿಟ್ಬಿಟ್ಟೆ."

ನಾನು ಗಂಟಲು ಹರಿಯುವಂತೆ ಕೂಗಿದೆ: "ಓಡೇ ಪುಟ್ಟೀ! ಓಡೇ ನನ್ನ ಬಂಗಾರ!" ಮಗಳು ತಲೆಯೆತ್ತಿದಳು. ಕೊನೆಯವಳಾಗಿಯೇ ಬಂದಳು, ಆದರೆ ಓಡಿಯೇ ಬಂದಳು.

ಕೊನೆಗಿದ್ದದ್ದು ಶಿಕ್ಷಕಿಯರ ಓಟ. ಹಂಗೇರಿಯವಳು ಎಲ್ಲರನ್ನೂ ಅರ್ಧ ಮೈದಾನ ಹಿಂದೆ ಬಿಟ್ಟು ಬರುತ್ತಿದ್ದಳು. ನನಗೇನಾಯಿತೋ! ಅದೇ ತಿರುವಿಗೆ ಹೋಗಿ ನಿಂತು, ಆರಡಿ ಎತ್ತರದ ಆ ಹೆಂಗಸಿಗೆ ಕೂಗಿದೆ: "ಓಡೇ ಪುಟ್ಟೀ!"

ಅವಳು ನಿಂತೇಬಿಟ್ಟಳು. ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಉಳಿದವರೆಲ್ಲ ಒಬ್ಬೊಬ್ಬರಾಗಿ ಅವಳನ್ನು ದಾಟಿ ಹೋದರು.