ಹಾಡು ಮುಗಿಯುವ ಮೊದಲೇ ಬರುವ ಫೋನುಗಳು

ಕಾರವಾರದ ಒಂದು ಸಣ್ಣ ರೇಡಿಯೋ ಕೇಂದ್ರದಲ್ಲಿ ಕೂತು ಹಾಡು ಹಾಕುವುದು ನನ್ನ ಕೆಲಸ. ಇಂಥದ್ದೇ ಹಾಡು ಎಂಬ ಕಟ್ಟುಪಾಡು ನಮ್ಮಲ್ಲಿಲ್ಲ. ಬೆಳಿಗ್ಗೆ ಭಜನೆ ಆದರೆ ಅದರ ಬೆನ್ನಿಗೇ ಯಾವುದೋ ದೇಶದ ಕಹಳೆ, ಮಧ್ಯಾಹ್ನ ಹಿಂದೂಸ್ತಾನಿ, ಸಂಜೆ ಯಕ್ಷಗಾನದ ಪದ, ನಡುವೆ ಕೊಂಕಣಿ, ಮರಾಠಿ, ಸುಗ್ಗಿ ಹಾಡು. ಈಗ ಮೊಬೈಲಿನಲ್ಲೂ ಬರುವುದರಿಂದ ಅಂಕೋಲೆಯವರೂ ಮಲ್ಲಾಪುರದವರೂ ಕೇಳುತ್ತಾರೆ. ಹಾಡು ಹಿಡಿಸಿದವರು ಸುಮ್ಮನೆ ಕೇಳಿ ಎದ್ದು ಹೋಗುತ್ತಾರೆ. ಫೋನು ಮಾಡುವವರು ಬೇರೆಯೇ ಜನ. ಅವರಿಗೆ ಆ ಹಾಡಿನಿಂದ ಏನೋ ಆಗಿರುತ್ತದೆ. ವಾರಕ್ಕೊಂದಾದರೂ ಅಂಥ ಫೋನು ಬಾರದೆ ಇರುವುದಿಲ್ಲ.

ಸಾರಂಗಿ

ಒಂದು ದಿನ ಬೆಳಿಗ್ಗೆ ನಮ್ಮ ಕಂಪ್ಯೂಟರ್ ಕೆಟ್ಟು ನಿಂತಿತು. ಭಜನೆ, ಸುದ್ದಿ, ಅಡುಗೆ ಕಾರ್ಯಕ್ರಮ ಎಲ್ಲ ಅದರೊಳಗೇ ಸಿಕ್ಕಿಹಾಕಿಕೊಂಡವು. ಕೈಗೆ ಸಿಕ್ಕಿದ್ದು ಒಂದು ಹಳೆಯ ಸಿ.ಡಿ. ಮಾತ್ರ, ಅದರಲ್ಲಿದ್ದದ್ದು ಸಾರಂಗಿ. ಬಹಳ ನಿಧಾನ, ಬಹಳ ದುಃಖ. ಬೇರೆ ದಾರಿ ಇಲ್ಲದೆ ಅದನ್ನೇ ಬಿಟ್ಟೆವು.

ಸ್ವಲ್ಪ ಹೊತ್ತಿಗೆ ಫೋನು ಶುರುವಾಯಿತು. ಎಲ್ಲರದೂ ಒಂದೇ ಪ್ರಶ್ನೆ, ತಗ್ಗಿದ ದನಿಯಲ್ಲಿ: "ಯಾರು ಹೋದ್ರು?"

"ಯಾರೂ ಹೋಗಿಲ್ಲ, ಕಂಪ್ಯೂಟರ್ ಹೋಗಿದೆ" ಅಂದರೆ ನಂಬುವವರಿಲ್ಲ. ದೊಡ್ಡವರು ತೀರಿಕೊಂಡ ದಿನ ರೇಡಿಯೋದಲ್ಲಿ ಸಾರಂಗಿಯೇ ಬರುವುದೆಂದು ಎಲ್ಲರಿಗೂ ಗೊತ್ತು. "ದೊಡ್ಡವರೇ ಇರ್ಬೇಕು, ಇವರು ಇನ್ನೂ ಹೇಳ್ವಾಂಗಿಲ್ಲ ಕಾಣ್ತದೆ" ಎಂದು ಒಬ್ಬರು ನನಗೆ ಕೇಳುವ ಹಾಗೇ ಮನೆಯವರಿಗೆ ಹೇಳಿದರು.

ಕೊನೆಗೆ ಅಂಕೋಲೆಯ ಕಡೆಯ ಶಾಲೆಯೊಂದರಿಂದ ಮೇಷ್ಟರೊಬ್ಬರು ಫೋನು ಮಾಡಿದರು. ತುಂಬಾ ಗಂಭೀರವಾಗಿ ಕೇಳಿದರು: "ಮೇಡಂ, ಘೋಷಣೆ ಯಾವಾಗ?"

"ಯಾವ ಘೋಷಣೆ ಸರ್?"

"ರಜೆದು. ಮಕ್ಕಳು ಕೇಳ್ತಾ ಇದ್ದಾರೆ. ಅವರಿಗೆ ಎಂಥ ಹೇಳೂದು?"

ಯಾರೂ ತೀರಿಕೊಂಡಿಲ್ಲ, ರಜೆಯೂ ಇಲ್ಲ ಎಂದು ಬಿಡಿಸಿ ಹೇಳಿದೆ. ಅವರು ಫೋನು ಕೆಳಗಿಟ್ಟು ಆ ಸುದ್ದಿಯನ್ನು ಕೋಣೆಗೆ ಮುಟ್ಟಿಸಿದರು. "ಛೇ!" ಎಂಬ ದೊಡ್ಡ ಉದ್ಗಾರ ಕೇಳಿಸಿತು. ಆ ದನಿಗಳಲ್ಲಿ ಮಕ್ಕಳದು ಒಂದೂ ಇರಲಿಲ್ಲ.

ತಿಳಿಯದ ಭಾಷೆ

ಗೋವೆಯ ಪರಿಚಯದವರೊಬ್ಬರು ಪೋರ್ಚುಗೀಸ್ ಹಾಡುಗಳನ್ನು ಕಳಿಸಿದ್ದರು. ಅದರಲ್ಲಿ ಒಂದು ಹಾಡನ್ನು ನಾನು ಅರ್ಥ ತಿಳಿಯದೆಯೇ ಹಾಕಿದೆ. ಹೆಂಗಸಿನ ದನಿ, ಗಂಟಲು ಬಿಗಿದು ಬಂದಂತಿತ್ತು.

ಹಾಡು ಅರ್ಧವಾಗುವಷ್ಟರಲ್ಲಿ ಕೇಣಿಯಿಂದ ಒಬ್ಬಾಕೆ ಫೋನು ಮಾಡಿದಳು. ಬೆಳಗಾಗುತ್ತಲೇ ಬಂದರಿಗೆ ಹೋಗಿ ಮೀನು ತಂದು, ಬುಟ್ಟಿ ಹೊತ್ತು ಅಂಕೋಲೆ ಪೇಟೆಯಲ್ಲಿ ಮಾರುವವಳು. ಮಾತು ತಡೆತಡೆದು ಬರುತ್ತಿತ್ತು.

"ಬಾಯಿ, ಅವಳು ಯಾರಿಗೆ ಅಳ್ತಾಳೆ?"

"ಗೊತ್ತಿಲ್ಲಮ್ಮ. ನನಗೂ ಆ ಭಾಷೆ ಬರೂದಿಲ್ಲ."

"ನಂಗೆ ಗೊತ್ತಾಯ್ತು. ಗಂಡ ದೋಣಿ ತಕಂಡು ಹೋದಂವ ತಿರುಗಿ ಬರ್ಲಿಲ್ಲ. ನಮ್ಮನೆಯವ್ರದೂ ಹಾಂಗೇ ಆಗಿದ್ದು. ಅಲ್ಲೂ ಸಮುದ್ರ ಉಂಟಲ್ಲ?"

"ಉಂಟು" ಅಂದೆ. "ನಾಳೆ ಮತ್ತೊಮ್ಮೆ ಹಾಕಿ" ಅಂದಳು.

ಹಾಕಿದೆ. ಅದರ ಮರುದಿನವೂ ಹಾಕಿದೆ. ಆ ಹೊತ್ತಿಗೆ ಆಕೆ ಪೇಟೆಯಲ್ಲಿ ಬುಟ್ಟಿ ಪಕ್ಕಕ್ಕಿಟ್ಟು, ಮೊಬೈಲು ಕಿವಿಗೆ ಹಿಡಿದು, ಗಿರಾಕಿ ಬಂದರೂ ಕೈಸನ್ನೆಯಲ್ಲೇ ತಡೆದು ಕೇಳುತ್ತಾಳೆಂದು ಪಕ್ಕದ ಬುಟ್ಟಿಯವಳು ಒಮ್ಮೆ ನನಗೆ ಹೇಳಿದಳು.

ಕೆಲವು ದಿನಗಳ ಮೇಲೆ ಕಾರವಾರದ ಹಿರಿಯ ಪಾದ್ರಿಯೊಬ್ಬರು ಬೇರೆ ಕೆಲಸಕ್ಕೆ ಕೇಂದ್ರಕ್ಕೆ ಬಂದಿದ್ದರು. ಅವರಿಗೆ ಪೋರ್ಚುಗೀಸ್ ಬರುತ್ತದೆ. ಈ ಹಾಡಿನಲ್ಲಿ ಏನಿದೆ ಎಂದು ಕೇಳಿದೆ. ಅವರು ಕಣ್ಣು ಮುಚ್ಚಿ ಪೂರ್ತಿ ಕೇಳಿ, ಮೆಲ್ಲಗೆ ನಕ್ಕರು. "ಇವಳು ಮೀನು ಮಾರುವವಳು. ಯಾರೋ ತಾರ್ಲೆ ಮೀನಿಗೆ ತೀರಾ ಕಡಿಮೆ ದರ ಕೇಳಿದ್ದಾರೆ. ಅವರಿಗೆ ಬೈತಾ ಇದ್ದಾಳೆ."

ಇದನ್ನು ಕೇಣಿಯವಳಿಗೆ ಹೇಳಿದರೆ ಆಕೆಯ ದುಃಖವನ್ನು ಹಗುರ ಮಾಡಿದ ಹಾಗೆ. ಹೇಳದಿದ್ದರೆ ಸುಳ್ಳಿನ ಮೇಲೆ ಅಳಿಸಿದ ಹಾಗೆ. ಮರುದಿನ ಆಕೆಯದೇ ಫೋನು ಬಂದಾಗ ಮನಸ್ಸು ಗಟ್ಟಿ ಮಾಡಿ ಇದ್ದದ್ದನ್ನು ಹೇಳಿಬಿಟ್ಟೆ.

ಅಳುತ್ತಾಳೇನೋ ಎಂದುಕೊಂಡೆ.

"ಅದಕ್ಕೇ ಅಲ್ದನೇ ಬಾಯಿ, ನಂಗೆ ಅಷ್ಟು ಅಳು ಬಂದದ್ದು!" ಅಂದಳು. "ಗಂಡನ ಬಗ್ಗೆ ಆಗಿದ್ರೆ ಒಂದಿನ ಅತ್ತು ಸುಮ್ನಾಗ್ತಿದ್ದೆ. ಈ ದರ ಇಳಿಸೋರ ಕಾಟ ದಿನಾ ಉಂಟಲ್ಲ!"

ಪಕ್ಕದ ಮನೆ

ಕೋಡಿಬಾಗದಲ್ಲಿ ಒಂದೇ ಗೋಡೆಯ ಈಚೆ ಆಚೆ ಎರಡು ಮನೆಗಳಿವೆ. ಈಚೆಯವರು ನಿವೃತ್ತ ಗುಮಾಸ್ತರು, ಯಕ್ಷಗಾನದ ಹುಚ್ಚು. ಆಚೆಯವರು ಗಂಡ ತೀರಿಕೊಂಡ ಒಬ್ಬ ಹಿರಿಯ ಹೆಂಗಸು, ಅವರಿಗೆ ಮರಾಠಿ ನಾಟಕದ ಹಾಡೇ ಆಗಬೇಕು. ಸಂಜೆಯ ಕೋರಿಕೆ ಕಾರ್ಯಕ್ರಮಕ್ಕೆ ಇಬ್ಬರೂ ತಪ್ಪದೆ ಫೋನು ಮಾಡುತ್ತಿದ್ದರು. ಚಂಡೆ ಬಂದಾಗ ಇವರು ರೇಡಿಯೋ ಜೋರು ಮಾಡುವುದು, ನಾಟಕದ ಹಾಡು ಬಂದಾಗ ಅವರು ಜೋರು ಮಾಡುವುದು. ಇಬ್ಬರೂ ನನಗೆ ಒಬ್ಬರ ಮೇಲೊಬ್ಬರು ದೂರು ಹೇಳುವರು. ಎದುರಾದರೆ ಮಾತಿಲ್ಲ.

ಒಂದು ಸಂಜೆ ಗುಮಾಸ್ತರು ಫೋನು ಮಾಡಿ, "ಒಂದು ನಾಟಕದ ಹಾಡು ಹಾಕಿ" ಅಂದರು.

"ನೀವು ಕೇಳಲಿಕ್ಕಾ?"

"ನನಗ್ಯಾಕೆ ಅದು? ಆಚೆ ಮನೆಯಲ್ಲಿ ನಿನ್ನೆಯಿಂದ ಸದ್ದಿಲ್ಲ. ನಾನು ಬಾಗಿಲು ಬಡಿದೆ, ಕರೆದೆ. ಒಬ್ಬರೇ ಇರೋರು, ವಯಸ್ಸಾಗಿದೆ. ಹಾಡು ಬಂದರೆ ನಾನೇ ರೇಡಿಯೋ ಗೋಡೆಗೆ ಹಚ್ಚಿ ಜೋರಾಗಿ ಇಡ್ತೇನೆ. ಎದ್ದು ಬಂದು ಒಂದು ಮಾತು ಬೈದ್ರೂ ಸಾಕು."

ಸರದಿಯಲ್ಲಿದ್ದವರನ್ನೆಲ್ಲ ಬಿಟ್ಟು ಆ ಹಾಡನ್ನೇ ಹಾಕಿದೆ. ಫೋನಿನಲ್ಲೇ ಅವರ ಮನೆಯ ರೇಡಿಯೋ ನನಗೆ ಕೇಳಿಸುತ್ತಿತ್ತು. ಹಾಡು ಮುಗಿಯಿತು. "ಯಾರೂ ಬರ್ಲಿಲ್ಲ" ಅಂದರು.

ಆಚೆಯವರ ನಂಬರು ಅವರ ಹತ್ತಿರ ಇರಲಿಲ್ಲ, ನನ್ನ ಹತ್ತಿರ ಇತ್ತು. ಅದನ್ನು ಒತ್ತಿದೆ. ಎರಡು ಸಲ ಯಾರೂ ಎತ್ತಲಿಲ್ಲ. ಮೂರನೆಯ ಸಲಕ್ಕೆ ಎತ್ತಿದರು. ಹಿನ್ನೆಲೆಯಲ್ಲಿ ಮಗುವಿನ ಗಲಾಟೆ. ಅಂಕೋಲೆಯ ಮಗಳ ಮನೆಯಲ್ಲಿದ್ದರು.

"ನಿಮ್ಮ ಪಕ್ಕದ ಮನೆಯವರು ತುಂಬಾ ಗಾಬರಿಯಾಗಿದ್ದಾರೆ" ಅಂದೆ.

"ಅವರಾ?" ಎಂದರು. ಆಮೇಲೆ ಮೆತ್ತಗೆ, "ಪಾಪ, ನಾಳೆ ಬರ್ತೇನೆ ಅಂತ ಹೇಳಿ. ಅಳಿಯ ದೊಡ್ಡ ಸ್ಪೀಕರ್ ಕೊಡಿಸಿದ್ದಾರೆ, ಅದನ್ನೂ ತರ್ತೇನೆ" ಅಂದರು.

ಗುಮಾಸ್ತರಿಗೆ ಅದನ್ನೇ ಹೇಳಿದೆ. "ಬರ್ಲಿ, ಬರ್ಲಿ. ಸುಖವಾಗಿ ಬರ್ಲಿ." ಅಂದರು, ಫೋನು ಮಾತ್ರ ಇಡಲಿಲ್ಲ. ಸ್ವಲ್ಪ ತಡೆದು ಕೇಳಿದರು:

"ಎಷ್ಟು ದೊಡ್ಡದಂತೆ?"

ಮಲ್ಲಾಪುರದ ರಸಿಕರು

ಇವರು ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾದವರು. ಮಗನ ಕ್ವಾರ್ಟರ್ಸಿನಲ್ಲಿ ಹೆಂಡತಿಯೊಂದಿಗೆ ಇರುತ್ತಾರೆ. ಹಿಂದೂಸ್ತಾನಿ ಬಿಟ್ಟು ಉಳಿದದ್ದೆಲ್ಲ ಅವರ ಲೆಕ್ಕದಲ್ಲಿ ಗದ್ದಲ. ನಾನು ಕೊಂಕಣಿಯ ಕುಣಿತದ ಹಾಡು ಹಾಕಿದೆನೋ, ಫೋನು ಬಂದೇ ಬರುತ್ತಿತ್ತು. "ರಾಗ ಮುಗಿದು ಅದರ ಗುಂಗಿನಲ್ಲಿ ಇರುವಾಗ ಈ ಡಬಡಬ ಯಾಕೆ?"

ಆಮೇಲೆ ಅವರ ಫೋನು ನಿಂತಿತು. ಹೆಂಡತಿಗೆ ಲಕ್ವಾ ಹೊಡೆದು ಬಲಗೈ, ಮಾತು ಎರಡೂ ಹೋಗಿವೆಯೆಂದು ನನಗೆ ಆಮೇಲೆ ತಿಳಿಯಿತು.

ಒಂದು ಮಧ್ಯಾಹ್ನ ಆಲಾಪ ಮುಗಿದು, ಬ್ಯಾಂಡಿನ ಅಬ್ಬರದ ಒಂದು ಕೊಂಕಣಿ ಹಾಡು ಹೋಗುತ್ತಿದ್ದಾಗ ಅವರ ಫೋನು ಬಂತು. ಬೈಸಿಕೊಳ್ಳಲು ತಯಾರಾದೆ.

"ಈಗ ಹಾಕಿದ್ದೀರಲ್ಲ, ಅದು ..." ಎಂದು ನಿಲ್ಲಿಸಿದರು. ಯಾರಿಗೂ ಕೇಳಬಾರದು ಎಂಬಂತೆ ದನಿ ತಗ್ಗಿಸಿದರು. "ಇನ್ನೊಮ್ಮೆ ಹಾಕ್ತೀರಾ?"

"ಯಾವುದು ಸರ್? ರಾಗವಾ?"

"ಅಲ್ಲ. ಆ ದರಿದ್ರ ಹಾಡು. ನಾನು ಬಂದ್ ಮಾಡೋಣ ಅಂತ ಎದ್ದೆ. ನೋಡಿದರೆ ಇವಳ ಬಲಗೈ ಬೆರಳು ಚಾದರದ ಮೇಲೆ ತಾಳ ಹಾಕ್ತಾ ಉಂಟು. ಬಲಗೈದು, ಗೊತ್ತಾಯ್ತಾ?"

ಗೊತ್ತಾಯಿತು. ಇನ್ನೊಮ್ಮೆ ಹಾಕಿದೆ. ಅಂದಿನಿಂದ ದಿನಾ ಮಧ್ಯಾಹ್ನ ಅವರಿಗಾಗಿ ಕುಣಿತದ ಹಾಡು ಹೋಯಿತು. ಬೆರಳು ಆಯಿತು, ಮಣಿಕಟ್ಟು ಆಯಿತು, ಕೈ ಸ್ವಲ್ಪ ಮೇಲೆ ಬಂತು. ಒಂದೊಂದನ್ನೂ ಫೋನು ಮಾಡಿ ತಿಳಿಸುವರು. ಮಾತು ಮಾತ್ರ ಬರಲಿಲ್ಲ. "ನನ್ನ ಹೆಸರಾದರೂ ಬರಬಹುದು ಅಂತ ಕಾಯ್ತಾ ಇದ್ದೇನೆ" ಎಂದು ಒಂದು ದಿನ ಹೇಳಿದರು. ಎದುರಿಗಿದ್ದ ಮೈಕು ನನಗೆ ಮಸುಕಾಗಿ ಕಂಡಿತು.

ಒಂದು ದಿನ ಬೆಳಿಗ್ಗೆಯೇ ಫೋನು. ಅಳುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯಲಿಲ್ಲ. "ಮಾತಾಡಿದಳು! ಮಾತಾಡಿದಳು!"

"ಏನಂದ್ರು ಸರ್?"

"ಹೇಳ್ತೇನೆ ಕೇಳಿ. ಇಷ್ಟು ದಿನ ಅವಳ ಹಾಡೇ ಆಯ್ತು, ಇವತ್ತು ನಂದೂ ಒಂದು ಇರ್ಲಿ ಅಂತ ನನ್ನ ಸಂಗ್ರಹದ ಭೈರವ ಹಾಕಿದೆ. ಮದುವೆಯಾದಾಗಿನಿಂದ ನನ್ನ ಎದುರು ಕೂತು ತಲೆದೂಗಿ ಕೇಳಿದವಳು. ಆಲಾಪ ಈಗಷ್ಟೇ ಏಳ್ತಾ ಇತ್ತು. ಅವಳು ನನ್ನ ಕಡೆ ತಿರುಗಿ, ಸ್ಪಷ್ಟವಾಗಿ ಅಂದಳು: 'ಬಂದ್ ಮಾಡಿ.'"

ನಗಬಾರದೆಂದು ತುಟಿ ಕಚ್ಚಿ ಹಿಡಿದೆ. "ಮತ್ತೆ ನೀವು?"

"ಬಂದ್ ಮಾಡಿದೆ. ಆಮೇಲೆ ಮತ್ತೆ ಹಾಕಿದೆ."

"ಯಾಕೆ ಸರ್?"

"ಇನ್ನೊಮ್ಮೆ ಮಾತಾಡ್ತಾಳೋ ಅಂತ."

"ಮಾತಾಡಿದ್ರಾ?"

"ಮಾತಾಡಿದಳು" ಅಂದರು ಅವರು. "ಈ ಸಲ ಪೂರ್ತಿ ವಾಕ್ಯವೇ ಬಂತು. 'ಬಂದ್ ಮಾಡಿ ಅಂದೆನಲ್ಲ, ನಿಮಗೆ ಕಿವಿ ಇಲ್ವಾ?'"