ಬೇಕರಿ ಥಾಮಸನ ಮನೆತನ

ಇಂಗ್ಲೆಂಡಿನ ಒಂದು ಜನಗಣತಿಯಲ್ಲಿ ಥಾಮಸನಿಗೆ ಮೂವತ್ತೊಂದು ವರ್ಷ. ಹತ್ತು ವರ್ಷದ ನಂತರದ ಜನಗಣತಿಯಲ್ಲಿ ಮೂವತ್ತೆಂಟು. ವಯಸ್ಸಿನ ಬಗ್ಗೆ ಇಷ್ಟು ಸಂಕೋಚವಿದ್ದ ಮನುಷ್ಯನ ಬೆನ್ನು ಹತ್ತುವುದು ಸಭ್ಯತೆಯಲ್ಲವೆಂದು ನನಗೂ ಗೊತ್ತಿತ್ತು. ಆದರೆ ಅವನು ನಾನು ಮದುವೆಯಾಗಬೇಕೆಂದಿರುವ ಮಾರ್ಕ್‌ನ ಮುತ್ತಜ್ಜನ ಅಜ್ಜ. ಮತ್ತು ಅಮ್ಮ ಮೈಸೂರಿನಿಂದ ಬಂದು ಶಾಮ್‌ಬರ್ಗ್‌ನ ನನ್ನ ಅಪಾರ್ಟ್‌ಮೆಂಟಿನ ಸೋಫಾದ ಮೇಲೆ ಕುಳಿತಿದ್ದರು.

"ಗೋತ್ರ ಕೇಳಲ್ಲ ಬಿಡು. ಮನೆತನ ಎಂಥದು ಅಂತಾದ್ರೂ ಗೊತ್ತಾಗ್ಬೇಡ್ವೇನೆ? ನಿಮ್ಮಪ್ಪನಿಗೆ ಫೋನಲ್ಲಿ ಏನಂತ ಹೇಳ್ಲಿ?"

ಅಮ್ಮ ಹೇಳಿದರೆ ಅಪ್ಪ ಒಪ್ಪುತ್ತಾರೆ. ಹೇಳದಿದ್ದರೆ ಮದುವೆಗೆ ಇಬ್ಬರೂ ಬರುವುದಿಲ್ಲ. ಹೀಗಾಗಿ ವಾರಾಂತ್ಯಗಳಲ್ಲಿ ನಾನು ಇಂಗ್ಲೆಂಡಿನ ಯಾವುದೋ ಹಳ್ಳಿಯ ಚರ್ಚಿನ ಹಳೆಯ ದಾಖಲೆಗಳನ್ನು ಕಂಪ್ಯೂಟರಿನಲ್ಲಿ ಓದತೊಡಗಿದೆ. ವಂಶ ಹುಡುಕುವವರಿಗೆಲ್ಲ ಒಬ್ಬ ಸರದಾರನೋ, ಕಡೇಪಕ್ಷ ಒಬ್ಬ ಕಳ್ಳನೋ ಸಿಗುತ್ತಾನಂತೆ. ಥಾಮಸ್ ಎರಡೂ ಅಲ್ಲ. ಹುಟ್ಟಿದ, ಬ್ರೆಡ್ ಮಾಡಿದ, ಸತ್ತ.

"ಬೇಕರೀನಾ?" ಅಮ್ಮ ಮೊದಲ ಸಲ ಟೀವಿಯಿಂದ ಕಣ್ಣು ತೆಗೆದರು. "ಹಾಗಾದ್ರೆ ಅಲ್ಲಿನ ಅಯ್ಯಂಗಾರ್ ಬೇಕರಿ ಅನ್ನು."

ನಾನು ಮುಂದಿನ ದಾಖಲೆ ತೆರೆದೆ.

ಆಮೇಲೆ ಮದುವೆಯ ದಾಖಲೆ ಸಿಕ್ಕಿತು. ಎರಡು ಮನೆಯವರ ಹೆಸರುಗಳನ್ನು ಜೋಡಿಸಿ ನೋಡಿದರೆ, ಥಾಮಸನ ಹೆಂಡತಿ ಹ್ಯಾನಾ ಅವನ ತಾಯಿಯ ಸ್ವಂತ ಅಣ್ಣನ ಮಗಳು. ಇದನ್ನು ಮಾರ್ಕ್‌ಗೆ ಹೇಳಿದೆ. ಅವನು ಡೆಟ್ರಾಯಿಟ್ ಹತ್ತಿರವಿರುವ ತನ್ನ ತಾಯಿ ಕ್ಯಾರಲ್‌ಗೆ ಹೇಳಿದ. ಕ್ಯಾರಲ್ ನನಗೆ ಫೋನ್ ಮಾಡಿದರು. ಅವರಿಗೆ ಮೊದಲೇ ಗೊತ್ತಿತ್ತಂತೆ.

"ನಮ್ಮನೇಲಿ ಆ ವಿಷಯ ಯಾರೂ ಎತ್ತಲ್ಲ, ಮಗು. ನಿಮ್ಮ ತಾಯಿಗೆ ಹೇಳಲೇಬೇಕಾ? ಈ ಸಂಬಂಧಾನೇ ಬೇಡ ಅಂದ್ಬಿಟ್ರೆ?"

ಅಮ್ಮನಿಂದ ಏನನ್ನಾದರೂ ಮುಚ್ಚಿಡುವ ವಿದ್ಯೆ ನನಗೆ ಯಾವ ವಿಶ್ವವಿದ್ಯಾಲಯದಲ್ಲೂ ದಕ್ಕಲಿಲ್ಲ. ಫೋನ್ ಇಟ್ಟ ನನ್ನ ಮುಖ ನೋಡಿ "ಏನದು?" ಎಂದರು. ಹೇಳಿಬಿಟ್ಟೆ.

"ಸೋದರಮಾವನ ಮಗಳಾ?" ಅಮ್ಮ ನೆಟ್ಟಗೆ ಕೂತರು. "ಮೊದಲೇ ಹೇಳಬಾರದೇನೆ! ಹಿಂದೆ ಮುಂದೆ ಇಲ್ಲದ ಜನ ಅಂದ್ಕೊಂಡಿದ್ದೆ. ಮನೆ ಹುಡುಗೀನೇ ತಂದ್ಕೊಂಡಿದಾರೆ!"

"ಅವರ ಕಡೆ ಹತ್ತಿರದ ಸಂಬಂಧದಲ್ಲಿ ಮದುವೆ ಅಂದ್ರೇನೇ ನಾಚಿಕೆ ಅಂತೆ, ಅಮ್ಮ."

"ನಾಚಿಕೆ ಯಾಕೆ? ನಾನು ನಿಮ್ಮಪ್ಪನ್ನ ಮಾಡ್ಕೊಂಡಿಲ್ವಾ, ಸ್ವಂತ ಸೋದರಮಾವನ್ನ? ಪಾಪ, ಬೀಗಿತ್ತಿ ಎಷ್ಟು ನೊಂದ್ಕೊಂಡ್ರೋ. ನಾಳೆ ವಿಡಿಯೋ ಕಾಲ್ ಮಾಡು, ನಾನೇ ಸಮಾಧಾನ ಹೇಳ್ತೀನಿ."

ಅಪ್ಪನಿಗೆ ಆಗಲೇ ಫೋನ್ ಹೋಯಿತು. "ಒಳ್ಳೇ ಮನೆತನ ಕಣ್ರೀ" ಎನ್ನುವುದು ಅಡುಗೆಮನೆಯವರೆಗೂ ಕೇಳಿಸಿತು.

ಮರುದಿನ ಬೆಳಿಗ್ಗೆ ವಿಡಿಯೋ ಕಾಲ್ ಮಾಡಿದೆ. ಇಂಥ ವಿಷಯಕ್ಕೆ ತಮ್ಮ ಇಂಗ್ಲಿಷ್ ಸಾಲದೆಂದು ಅಮ್ಮ ಕನ್ನಡದಲ್ಲೇ ಶುರುಮಾಡಿದರು: ಅಪ್ಪ ತಮಗೆ ಗಂಡನಾಗುವ ಮೊದಲು ಏನಾಗಬೇಕಿತ್ತು, ನಾನು ಅಪ್ಪನಿಗೆ ಮಗಳೂ ಆಗಿ, ಅಕ್ಕನ ಮೊಮ್ಮಗಳೂ ಹೇಗಾದೆ, ಎಲ್ಲವನ್ನೂ ಬೆರಳು ಮಡಿಸಿ ವಿವರಿಸಿದರು. ಕ್ಯಾರಲ್ ಉಸಿರು ಬಿಗಿಹಿಡಿದು ನನ್ನತ್ತ ನೋಡಿದರು.

"ಅಮ್ಮನಿಗೆ ತುಂಬ ಸಂತೋಷವಾಗಿದೆಯಂತೆ" ಎಂದು ಇಂಗ್ಲಿಷಿಗೆ ಅನುವಾದಿಸಿದೆ.